ಓದುಗರ ಪ್ರಶ್ನೆಗಳು: ಕಡಲಿಗೆ ಇಳಿದವರು ಏನು ಉಟ್ಟಿದ್ದರು?

ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ ಮತ್ತು ಫ್ರಾನ್ಸ್‌ನ ಕಡಲತೀರಗಳಲ್ಲಿ 1900ರಿಂದ 1930ರವರೆಗೆ ಜನ ಬಿಡುವಿನ ದಿನಗಳನ್ನು ಹೇಗೆ ಕಳೆಯುತ್ತಿದ್ದರು ಎಂಬ ಚಿತ್ರಲೇಖನ ಕಳೆದ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಅದನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಹೆಚ್ಚಿನ ಪತ್ರಗಳ ಕುತೂಹಲವೆಲ್ಲ ಉಡುಪಿನ ಸುತ್ತಲೇ ಇರುವುದರಿಂದ ಅಂಥ ಪ್ರಶ್ನೆಗಳನ್ನೇ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಲೇಖನದ ಮೊದಲ ಚಿತ್ರದಲ್ಲಿ ಮೂವರು ಮಹಿಳೆಯರು ಮೊಣಕಾಲಿನವರೆಗಿನ ಕಪ್ಪು ಲಂಗ, ಕಾಲುಚೀಲ, ಟೋಪಿ, ಜೊತೆಗೆ ಬೂಟನ್ನೂ ತೊಟ್ಟು ನೀರಿನಲ್ಲಿ ನಿಂತಿದ್ದಾರೆ. ಬಟ್ಟೆ ಉಣ್ಣೆಯದೆಂದು ಬರೆದಿದ್ದೀರಿ. ಇಷ್ಟನ್ನು ಹೊತ್ತುಕೊಂಡು ಅವರು ಈಜುತ್ತಿದ್ದುದಾದರೂ ಹೇಗೆ?

ಉತ್ತರ: ಅವರು ಈಜುತ್ತಿರಲಿಲ್ಲ ಎಂಬುದೇ ತಮ್ಮ ಪ್ರಶ್ನೆಗೆ ನೇರವಾದ ಉತ್ತರ. ಅವರು ಮೀಯುತ್ತಿದ್ದರು. ಮೀಯುವುದು ಬೇರೆ, ಈಜುವುದು ಬೇರೆ ಎಂಬ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಕಾಲದ ಉಡುಪಿನ ಬಹುಪಾಲು ಒಗಟುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಯುರೋಪಿನ ಸಿರಿವಂತರು ಸಮುದ್ರಕ್ಕೆ ಮೊದಲು ಹೋದದ್ದು ವಿಹಾರಕ್ಕಲ್ಲ, ಚಿಕಿತ್ಸೆಗೆ. ರಿಚರ್ಡ್ ರಸೆಲ್ ಎಂಬ ಇಂಗ್ಲಿಷ್ ವೈದ್ಯರು ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರೇ ಮದ್ದೆಂದು 1750ರಲ್ಲಿ ಪ್ರಬಂಧ ಬರೆದು, ಅದರಲ್ಲಿ ಮುಳುಗುವುದನ್ನಷ್ಟೇ ಅಲ್ಲದೆ ಅದನ್ನು ಕುಡಿಯುವುದನ್ನೂ ಸೂಚಿಸಿದ್ದರು. ಔಷಧಿಯನ್ನು ಅಳತೆಯಲ್ಲಿ ಸೇವಿಸುವಂತೆ ನಾಲ್ಕಾರು ಬಾರಿ ಮುಳುಗೆದ್ದು ದಡಕ್ಕೆ ಮರಳುವ ಆ ಪದ್ಧತಿ ನೂರೈವತ್ತು ವರ್ಷ ಕಳೆದ ಮೇಲೂ ಪೂರ್ತಿ ಅಳಿದಿರಲಿಲ್ಲ. ಅಮೆರಿಕದ ತೀರಗಳಲ್ಲಿ ಮರದ ಕಂಬಗಳನ್ನು ನೆಟ್ಟು ನೀರಿನೊಳಕ್ಕೆ ಹಗ್ಗ ಕಟ್ಟುತ್ತಿದ್ದರು. ಆ ಹಗ್ಗವನ್ನು ಹಿಡಿದುಕೊಂಡು, ಅಲೆ ಬಂದಾಗ ಮೇಲಕ್ಕೆ ಜಿಗಿದು, ಅಲೆ ಹಿಂದೆ ಸರಿದಾಗ ನಿಂತುಕೊಳ್ಳುವುದೇ ಮಹಿಳೆಯರ ಪಾಲಿನ ಸಮುದ್ರಸ್ನಾನವಾಗಿತ್ತು.

ಇನ್ನು ಉಣ್ಣೆಯ ವಿಚಾರ. ತೆಳುವಾದ ಹತ್ತಿಬಟ್ಟೆ ನೆನೆದರೆ ಮೈಗೆ ಅಂಟಿಕೊಂಡು ಒಳಗಿನದನ್ನೆಲ್ಲ ತೋರಿಸುತ್ತದೆ. ಉಣ್ಣೆಯ ಸರ್ಜ್, ಫ್ಲಾನೆಲ್ ಅಥವಾ ಮೇಕೆಯ ಕೂದಲಿನ ಮೊಹೇರ್ ಬಟ್ಟೆಗೆ ಆ ದೋಷವಿಲ್ಲ. ಅಟ್ಲಾಂಟಿಕ್ಕಿನ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ, ಉಣ್ಣೆಯಾದರೋ ಒದ್ದೆಯಾದ ಮೇಲೂ ಸ್ವಲ್ಪ ಬೆಚ್ಚಗೆ ಉಳಿಯುತ್ತದೆ. ಆದ್ದರಿಂದ ಆ ಆಯ್ಕೆಯನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ಆದರೆ ಚಿತ್ರದಲ್ಲಿರುವ ಉಡುಪನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನಿಧಾನವಾಗಿ ನೋಡಿರಿ: ತಲೆಗೂದಲನ್ನು ಮುಚ್ಚುವ ನೆರಿಗೆಯ ಟೋಪಿ, ಬಿಳಿ ಪಟ್ಟಿ ಹೊಲಿದ ನಾವಿಕರ ಕಾಲರು, ಉಬ್ಬಿದ ತೋಳು, ಸೊಂಟಕ್ಕೆ ಬಿಗಿದ ಪಟ್ಟಿ, ಅದರ ಕೆಳಗೆ ಲಂಗ, ಲಂಗದೊಳಗೆ ಮೊಣಕಾಲಿಗೆ ಕಟ್ಟಿದ ಚಲ್ಲಣ, ಅದರ ಕೆಳಗೆ ಕಪ್ಪು ಕಾಲುಚೀಲ, ಪಾದಕ್ಕೆ ಲಾಡಿ ಸುತ್ತಿದ ಬಟ್ಟೆಯ ಬೂಟು. ಕೆಲವರು ಇದರೊಳಗೆ ಸ್ನಾನಕ್ಕೆಂದೇ ಮಾಡಿದ ಕಾರ್ಸೆಟ್ಟನ್ನೂ, ಅಂದರೆ ಸೊಂಟ ಬಿಗಿಯುವ ಒಳ ಉಡುಪನ್ನೂ, ಬಿಗಿದುಕೊಳ್ಳುತ್ತಿದ್ದರು. ಲಂಗ ನೀರಿನಲ್ಲಿ ಮೇಲಕ್ಕೆ ತೇಲದಿರಲೆಂದು ಅಂಚಿನಲ್ಲಿ ಭಾರದ ತುಣುಕುಗಳನ್ನು ಹೊಲಿದುಕೊಳ್ಳುವುದೂ ರೂಢಿಯಲ್ಲಿತ್ತು. ನೀರು ಕುಡಿದ ಉಣ್ಣೆ ಕೆಳಕ್ಕೆ ಜಗ್ಗುತ್ತದೆ. ಸೊಂಟದಿಂದ ಕೆಳಗೆ ಅಷ್ಟು ಭಾರ ಜೋತುಬಿದ್ದಿರುವಾಗ ಕಾಲು ಬಡಿಯುವುದು ಸಾಧ್ಯವಿಲ್ಲ, ಕಾಲು ಬಡಿಯದೆ ಈಜಿಲ್ಲ. ಹೀಗೆ ಆಳದ ನೀರಿನಲ್ಲಿ ತನ್ನನ್ನು ಉಟ್ಟವಳನ್ನೇ ಮುಳುಗಿಸಬಲ್ಲ ಉಡುಪಾಗಿತ್ತು ಅದು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಪ್ರಶ್ನೆ: ಮರಳಿನ ಮೇಲೆ ಸಾಲಾಗಿ ನಿಂತಿರುವ, ಗಾಲಿಗಳಿರುವ ಮರದ ಗೂಡುಗಳು ಯಾವುವು?

ಉತ್ತರ: ಅವು ಸ್ನಾನದ ಬಂಡಿಗಳು. 1736ರ ಹೊತ್ತಿಗೇ ಇಂಗ್ಲೆಂಡಿನ ಸ್ಕಾರ್‌ಬರೋ ಊರಿನ ಕೆತ್ತನೆ ಚಿತ್ರವೊಂದರಲ್ಲಿ ಅಂಥದ್ದು ಕಾಣಿಸಿಕೊಂಡಿದೆ. ದಡದಲ್ಲಿ ನಿಂತ ಬಂಡಿಯನ್ನು ಊರಿನ ಉಡುಪಿನಲ್ಲಿಯೇ ಹತ್ತಿ ಬಾಗಿಲು ಹಾಕಿಕೊಳ್ಳಬೇಕು. ಒಳಗಿನ ಮಬ್ಬು ಬೆಳಕಿನಲ್ಲಿ ಬಟ್ಟೆ ಬದಲಿಸುತ್ತಿರುವಾಗಲೇ ಕುದುರೆ ಬಂಡಿಯನ್ನು ನೀರಿನೊಳಕ್ಕೆ ಎಳೆದೊಯ್ಯುತ್ತದೆ. ಸಮುದ್ರದ ಕಡೆಗಿರುವ ಬಾಗಿಲು ತೆರೆದು ಮೆಟ್ಟಿಲಿಳಿದರೆ ನೇರವಾಗಿ ನೀರು. ದಡದಲ್ಲಿರುವವರ ಕಣ್ಣಿಗೆ ಬೀಳುವ ಪ್ರಮೇಯವೇ ಇರಲಿಲ್ಲ. ಗಂಡಸರೂ ಹೆಂಗಸರೂ ಬೇರೆ ಬೇರೆ ಜಾಗದಲ್ಲಿ ಮೀಯಬೇಕೆಂಬ ನಿಯಮ 1901ರಲ್ಲಿ ಬ್ರಿಟನ್ನಿನಲ್ಲಿ ಕೊನೆಗೊಂಡ ಮೇಲೆ ಬಂಡಿಗಳ ಅಗತ್ಯ ವೇಗವಾಗಿ ಕುಗ್ಗಿತು. ಗಾಲಿ ಕಳಚಿದ ಅನೇಕ ಬಂಡಿಗಳು ದಡದಲ್ಲಿಯೇ ಉಳಿದು ಬಟ್ಟೆ ಬದಲಿಸುವ ಕೋಣೆಗಳಾದವು.

ಪ್ರಶ್ನೆ: ಈ ವಿಹಾರವೆಲ್ಲ ಸಿರಿವಂತರ ಪಾಲಿನದಷ್ಟೇ ಆಗಿರಲಿಲ್ಲವೇ?

ಉತ್ತರ: 18ನೆಯ ಶತಮಾನದ ಮಟ್ಟಿಗೆ ತಮ್ಮ ಮಾತು ನಿಜ, 1900ರ ಮಟ್ಟಿಗೆ ಅಲ್ಲ. ರೈಲು ಬಂದ ಮೇಲೆ ಕಡಲು ಕೂಲಿಕಾರರ ಕೈಗೂ ಎಟುಕಿತು. ಇಂಗ್ಲೆಂಡಿನ ಲ್ಯಾಂಕಾಶೈರಿನ ಹತ್ತಿಗಿರಣಿಗಳ ಊರುಗಳಲ್ಲಿ ವೇಕ್ಸ್ ವಾರ ಎಂಬ ಪದ್ಧತಿಯಿತ್ತು. ಬೇಸಿಗೆಯಲ್ಲಿ ಒಂದು ವಾರ ಊರಿನ ಗಿರಣಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಯಂತ್ರಗಳ ದುರಸ್ತಿಗೆ ಅದೇ ಸಮಯ. ಒಂದೊಂದು ಊರಿನದು ಒಂದೊಂದು ವಾರವಾದ್ದರಿಂದ ಬ್ಲ್ಯಾಕ್‌ಪೂಲ್ ಪಟ್ಟಣಕ್ಕೆ ಈ ವಾರ ಒಂದು ಊರು, ಮುಂದಿನ ವಾರ ಇನ್ನೊಂದು ಊರು ಎಂಬಂತೆ ಜನ ಇಡಿಯಾಗಿ ಬಂದಿಳಿಯುತ್ತಿದ್ದರು. ಅಕ್ಕಪಕ್ಕದ ಮನೆಯವರೇ ಮರಳಿನ ಮೇಲೂ ಅಕ್ಕಪಕ್ಕದಲ್ಲಿ ಕೂರುತ್ತಿದ್ದರು. ಆ ವಾರಕ್ಕೆ ಕೂಲಿ ಸಿಗುತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಸಂಬಳಸಹಿತ ರಜೆಯ ಕಾನೂನು ಬ್ರಿಟನ್ನಿಗೆ ಬಂದದ್ದು 1938ರಲ್ಲಿ. ಅಲ್ಲಿಯವರೆಗೆ ಗಿರಣಿಯ ಕೆಲಸಗಾರರು ವರ್ಷವಿಡೀ ವಾರಕ್ಕಿಷ್ಟೆಂದು ಉಳಿತಾಯದ ಕೂಟಗಳಿಗೆ ಕಟ್ಟಿ, ಅದನ್ನು ಆ ಒಂದೇ ವಾರಕ್ಕೆ ಬಿಡಿಸಿಕೊಳ್ಳುತ್ತಿದ್ದರು. ತಂಗುವ ಮನೆಗಳಲ್ಲಿ ಎಷ್ಟೋ ಕಡೆ ಊಟದ ಸಾಮಾನನ್ನು ಅತಿಥಿಗಳೇ ಕೊಂಡುತಂದು ಕೊಟ್ಟರೆ ಮನೆಯೊಡತಿ ಬೇಯಿಸಿ ಬಡಿಸುತ್ತಿದ್ದಳು.

1894ರಲ್ಲಿ ತೆರೆದ, 518 ಅಡಿ ಎತ್ತರದ ಬ್ಲ್ಯಾಕ್‌ಪೂಲ್ ಗೋಪುರವನ್ನೂ ಸಮುದ್ರದೊಳಕ್ಕೆ ಚಾಚಿದ ಅಲ್ಲಿನ ಮೂರು ಪಿಯರ್‌ಗಳನ್ನೂ ಮೇಲೆತ್ತಿ ನಿಲ್ಲಿಸಿದ್ದು ಈ ಜನರ ಚಿಲ್ಲರೆ ಕಾಸು. ಅವರ ಉಡುಪಿನ ಬಗ್ಗೆ ಹೇಳುವುದಾದರೆ, ಬಹುಪಾಲು ಮಂದಿಗೆ ಕಡಲತೀರದ ಬಟ್ಟೆಯೆಂದರೆ ತಮ್ಮಲ್ಲಿದ್ದ ಅತ್ಯುತ್ತಮ ಬಟ್ಟೆಯೇ ಆಗಿತ್ತು. ಗಂಡಸರು ಕೋಟು, ವೇಸ್ಟ್‌ಕೋಟು, ಟೋಪಿಗಳಲ್ಲಿ, ಹೆಂಗಸರು ಉದ್ದ ಲಂಗ ಮತ್ತು ಅಗಲವಾದ ಹ್ಯಾಟುಗಳಲ್ಲಿ ಬಾಡಿಗೆ ಕುರ್ಚಿಯ ಮೇಲೆ ಕುಳಿತಿರುವ ಫೋಟೋಗಳು ಲೆಕ್ಕವಿಲ್ಲದಷ್ಟಿವೆ. ವರ್ಷದ ಐವತ್ತೊಂದು ವಾರ ಹತ್ತಿಯ ಧೂಳಿನಲ್ಲಿ ನಿಂತವರು ಉಳಿದ ಒಂದು ವಾರ ನಾಲ್ಕು ಜನರ ಮುಂದೆ ಚೆಂದವಾಗಿ ಕಾಣಬಯಸಿದರು. ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ, ಲಂಗವನ್ನು ಕೊಂಚ ಎತ್ತಿ ಹಿಡಿದು ಅಲೆಯ ಅಂಚಿನಲ್ಲಿ ಪಾದ ನೆನೆಸಿಕೊಂಡರೆ ಅವರ ಪಾಲಿನ ಸಮುದ್ರಸ್ನಾನ ಮುಗಿಯಿತು.

ಪ್ರಶ್ನೆ: ಪೊಲೀಸರು ಟೇಪು ಹಿಡಿದು ಮಹಿಳೆಯರ ಈಜುಡುಗೆ ಅಳೆಯುತ್ತಿದ್ದರೆಂಬುದು ನಿಜವೇ, ಕಟ್ಟುಕಥೆಯೇ?

ಉತ್ತರ: ನಿಜ. ವಾಷಿಂಗ್ಟನ್ ನಗರದ ಟೈಡಲ್ ಬೇಸಿನ್ ಎಂಬ ಕೊಳದ ದಡದಲ್ಲಿ 1922ರಲ್ಲಿ ತೆಗೆದ ಫೋಟೋ ಇಂದಿಗೂ ಉಳಿದಿದೆ. ಅದರಲ್ಲಿ ಅಧಿಕಾರಿಯೊಬ್ಬ ಬಗ್ಗಿ, ನಿಂತಿರುವ ಯುವತಿಯ ಮೊಣಕಾಲಿನಿಂದ ಉಡುಪಿನ ಅಂಚಿನವರೆಗೆ ಅಳತೆಪಟ್ಟಿ ಹಿಡಿದಿದ್ದಾನೆ. ಉಡುಪು ಮೊಣಕಾಲಿಗಿಂತ 6 ಅಂಗುಲಕ್ಕೂ ಮೇಲೆ ಇರಕೂಡದೆಂಬುದು ಅಲ್ಲಿನ ಆಜ್ಞೆಯಾಗಿತ್ತು. 1921ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಸಿಟಿಯ ತೀರದಲ್ಲಿ ಕಾಲುಚೀಲವನ್ನು ಮೊಣಕಾಲಿನ ಕೆಳಗೆ ಸುರುಳಿ ಮಾಡಿಕೊಂಡಿದ್ದ ಲೇಖಕಿಯೊಬ್ಬರು ಅದನ್ನು ಮೇಲಕ್ಕೆಳೆದುಕೊಳ್ಳಲು ನಿರಾಕರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳು, ಅದೇ ಊರಿನಲ್ಲಿ, ಮುಂದೆ ಮಿಸ್ ಅಮೆರಿಕ ಎಂದು ಹೆಸರಾದ ಸ್ಪರ್ಧೆಯ ಮೊದಲ ವರ್ಷದ ಮೆರವಣಿಗೆಯೂ ನಡೆಯಿತು. ತನ್ನ ಸುಖಕ್ಕಾಗಿ ಕಾಲು ತೋರಿಸಿದವಳಿಗೆ ಠಾಣೆ, ಊರಿನ ವ್ಯಾಪಾರಕ್ಕಾಗಿ ಈಜುಡುಗೆಯಲ್ಲಿ ನಡೆದವರಿಗೆ ಬಹುಮಾನ ಎಂಬ ಆ ತಾರತಮ್ಯವನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಕಟ್ಟಳೆ ಗಂಡಸರನ್ನೂ ಬಿಟ್ಟಿರಲಿಲ್ಲ. ಎದೆ ಮುಚ್ಚುವ ಬನಿಯನ್ನಿನಂಥ ಮೇಲುಡುಪನ್ನು ಅಮೆರಿಕದ ಅನೇಕ ತೀರಗಳಲ್ಲಿ 1930ರ ದಶಕದವರೆಗೂ ಅವರು ತೊಡಲೇಬೇಕಾಗಿತ್ತು. ಸಿಡ್ನಿಯಲ್ಲಿ ಹಗಲು ಹೊತ್ತು ಸಮುದ್ರಕ್ಕಿಳಿಯುವುದೇ ಅಪರಾಧವಾಗಿತ್ತು. ಮ್ಯಾನ್ಲಿಯಲ್ಲಿ ವಿಲಿಯಂ ಗೋಚರ್ ಎಂಬ ಪತ್ರಿಕಾ ಸಂಪಾದಕರು 1902ರಲ್ಲಿ ಮೊದಲೇ ಸಾರಿ ಹೇಳಿ ಹಾಡುಹಗಲೇ ನೀರಿಗಿಳಿದರು, ಮರುವರ್ಷ ಅಲ್ಲಿನ ಪುರಸಭೆ ಕತ್ತಿನಿಂದ ಮೊಣಕಾಲಿನವರೆಗೆ ಮುಚ್ಚಿಕೊಳ್ಳುವ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. 1907ರಲ್ಲಿ ಗಂಡಸರೂ ಲಂಗದಂಥ ಉಡುಪು ತೊಡಬೇಕೆಂಬ ಪ್ರಸ್ತಾಪ ಬಂದಾಗ ಅಕ್ಟೋಬರ್ 20ರಂದು ಬೊಂಡಾಯ್, ಮ್ಯಾನ್ಲಿ, ಕೂಜಿ ತೀರಗಳಲ್ಲಿ ಅಲೆಯಾಟದ ಗಂಡಸರು ಹೆಂಗಸರ ಲಂಗಗಳನ್ನೇ ತೊಟ್ಟು ಮೆರವಣಿಗೆ ಮಾಡಿ ಪ್ರತಿಭಟಿಸಿದರು. ಪ್ರಸ್ತಾಪ ಅಲ್ಲಿಗೇ ಬಿದ್ದುಹೋಯಿತು.

ಪ್ರಶ್ನೆ: ಹಾಗಾದರೆ ಉಡುಪು ಚಿಕ್ಕದಾದದ್ದು ಜನರ ನಾಚಿಕೆ ಕಡಿಮೆಯಾದ್ದರಿಂದ ಎನ್ನಬಹುದೇ?

ಉತ್ತರ: ಹಾಗೆ ಹೇಳುವವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ಹೆಂಗಸರು ಮೀಯುವುದನ್ನು ಬಿಟ್ಟು ಈಜತೊಡಗಿದರು, ಅದರಿಂದ ಉಡುಪು ಹಗುರವಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವರು ಈಜು ಕಲಿಯಬೇಕಾದ ಅಗತ್ಯವನ್ನು ಸಾರಿ ಹೇಳಿದ್ದು ಒಂದು ಘೋರ ದುರಂತ. 1904ರ ಜೂನ್ 15ರಂದು ನ್ಯೂಯಾರ್ಕಿನ ಈಸ್ಟ್ ರಿವರ್‌ನಲ್ಲಿ ಜನರಲ್ ಸ್ಲೋಕಮ್ ಎಂಬ ವಿಹಾರದ ಹಡಗಿಗೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಚರ್ಚೊಂದರ ವಾರ್ಷಿಕ ವಿಹಾರಕ್ಕೆ ಹೊರಟಿದ್ದ ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ದಡ ದೂರವಿರಲಿಲ್ಲ. ಜೀವರಕ್ಷಕ ಅಂಗಿಗಳು ಕೊಳೆತು ಪುಡಿಯಾಗಿದ್ದವು, ಈಜು ಬಲ್ಲವರು ಕೆಲವರೇ, ಮೈಮೇಲಿದ್ದ ಪದರು ಪದರು ಬಟ್ಟೆ ನೀರು ಹೀರಿ ಅವರನ್ನು ಕೆಳಕ್ಕೆಳೆಯಿತು. ಹೆಣ್ಣುಮಕ್ಕಳಿಗೆ ಈಜು ಕಲಿಸಬೇಕೆಂಬ ಮಾತಿಗೆ ಆ ನಗರದಲ್ಲಿ ಬಲ ಬಂದದ್ದು ಆ ಸಾವುಗಳ ನಂತರ.

ಸಿಡ್ನಿಯ ಆನೆಟ್ ಕೆಲ್ಲರ್‌ಮನ್ ಅವರ ಹೆಸರು ಇಲ್ಲಿ ಬರಲೇಬೇಕು. 1886ರಲ್ಲಿ ಹುಟ್ಟಿದ ಆಕೆಯ ಕಾಲುಗಳು ಬಾಲ್ಯದಲ್ಲಿ ದುರ್ಬಲವಾಗಿದ್ದು, ಕಬ್ಬಿಣದ ಪಟ್ಟಿಗಳ ಆಸರೆ ಬೇಕಾಗಿತ್ತು. ಕಾಲಿಗೆ ಬಲ ಬರಲೆಂದು ಕಲಿಸಿದ ಈಜೇ ಆಕೆಯ ಜೀವನವಾಯಿತು. 1905ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಾದ ಇಂಗ್ಲಿಷ್ ಕಾಲುವೆಯನ್ನು ದಾಟಲು ಪ್ರಯತ್ನಿಸುವಷ್ಟು ಗಟ್ಟಿಯಾದ ಈಜುಗಾರ್ತಿಯಾದರು. ಲಂಡನ್ನಿನಲ್ಲಿ ರಾಜಮನೆತನದವರ ಮುಂದೆ ಈಜಿ ತೋರಿಸಬೇಕಾಗಿ ಬಂದಾಗ ಬರಿಗಾಲು ಕಾಣಕೂಡದೆಂದರು. ಆಕೆ ಗಂಡಸರ ಪಂದ್ಯದ ಈಜುಡುಗೆಗೆ ಉದ್ದನೆಯ ಕಪ್ಪು ಕಾಲುಚೀಲಗಳನ್ನು ಹೊಲಿದು ಒಂದೇ ಉಡುಪು ಮಾಡಿಕೊಂಡರು. ಮೈಯೆಲ್ಲ ಮುಚ್ಚಿತ್ತು, ಆದರೆ ಲಂಗವಿರಲಿಲ್ಲ, ಆದ್ದರಿಂದ ಭಾರವಿರಲಿಲ್ಲ. ಅಮೆರಿಕದ ಬಾಸ್ಟನ್ ಬಳಿಯ ರಿವೇರ್ ತೀರದಲ್ಲಿ ಇಂಥ ಉಡುಪು ತೊಟ್ಟದ್ದಕ್ಕೆ ಪೊಲೀಸರು ತನ್ನನ್ನು ಹಿಡಿದರೆಂದು ಆಕೆ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರಿಗೂ ಈಜಿನ ಪಂದ್ಯಗಳಿದ್ದವು. ನ್ಯೂ ಸೌತ್ ವೇಲ್ಸ್‌ನ ಮಹಿಳಾ ಈಜು ಸಂಘದ ಅಧ್ಯಕ್ಷೆ ರೋಸ್ ಸ್ಕಾಟ್ ಸ್ವತಃ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರು. ಆದರೂ ಗಂಡಸರ ಮುಂದೆ ಹೆಣ್ಣುಮಕ್ಕಳು ಈಜುವುದನ್ನು ಅವರು ವಿರೋಧಿಸಿದ್ದರು. ಜನ ಒತ್ತಾಯಿಸಿ, ಹಣ ಕೂಡಿಸಿ ಫ್ಯಾನಿ ಡ್ಯುರಾಕ್ ಮತ್ತು ಮಿನಾ ವೈಲಿ ಇಬ್ಬರನ್ನೂ ಕಳುಹಿಸಿದರು. 100 ಮೀಟರ್ ಪಂದ್ಯದಲ್ಲಿ ಡ್ಯುರಾಕ್ ಚಿನ್ನ, ವೈಲಿ ಬೆಳ್ಳಿ ಗೆದ್ದರು. ಅಮೆರಿಕ ಒಬ್ಬ ಈಜುಗಾರ್ತಿಯನ್ನೂ ಕಳುಹಿಸಿರಲಿಲ್ಲ, ಏಕೆಂದರೆ ಉದ್ದ ಲಂಗವಿಲ್ಲದೆ ಹೆಂಗಸರು ಸಾರ್ವಜನಿಕವಾಗಿ ಸ್ಪರ್ಧಿಸಕೂಡದೆಂಬುದು ಅಲ್ಲಿನ ಕ್ರೀಡಾಧಿಕಾರಿಗಳ ನಿಲುವಾಗಿತ್ತು. 1917ರಲ್ಲಿ ಷಾರ್ಲಟ್ ಎಪ್ಸ್ಟೀನ್ ನ್ಯೂಯಾರ್ಕಿನಲ್ಲಿ ಮಹಿಳಾ ಈಜು ಸಂಘವನ್ನು ಕಟ್ಟಿದರು. ಮೂರೇ ವರ್ಷಗಳಲ್ಲಿ, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ, ಅದೇ ಸಂಘದ ಎಥೆಲ್ಡಾ ಬ್ಲೈಬ್ಟ್ರಿ ಮಹಿಳೆಯರ ಈಜಿನ ಮೂರೂ ಚಿನ್ನಗಳನ್ನು ಗೆದ್ದರು.

ಪ್ರಶ್ನೆ: ಹೆಣೆದ, ಮೈಗೊಪ್ಪುವ ಈಜುಡುಗೆ ಅಂಗಡಿಗೆ ಬಂದದ್ದು ಯಾವಾಗ?

ಉತ್ತರ: ಅಮೆರಿಕದ ಪೋರ್ಟ್‌ಲೆಂಡಿನ ಸಣ್ಣದೊಂದು ಹೆಣಿಗೆ ಕಂಪನಿಗೆ ಹುಟ್ಟು ಹಾಕಿ ದೋಣಿ ನಡೆಸುವ ಕ್ಲಬ್ಬಿನ ಸದಸ್ಯರೊಬ್ಬರು 1913ರಲ್ಲಿ ಬೆಳಗಿನ ಚಳಿಗೆ ಬೆಚ್ಚಗಿರುವ ಚಡ್ಡಿ ಬೇಕೆಂದು ಕೇಳಿದರು. ಕಂಪನಿಯವರು ಸ್ವೆಟರಿನ ತೋಳಿನ ಅಂಚಿಗೆ ಬಳಸುವ ರಿಬ್ ಹೆಣಿಗೆಯಲ್ಲಿ ಅದನ್ನು ಮಾಡಿಕೊಟ್ಟರು. ಸ್ವೆಟರಿನ ಕೈಪಟ್ಟಿಯನ್ನು ಎರಡೂ ಕಡೆ ಎಳೆದು ನೋಡಿರಿ. ಗೆರೆಗಳು ಅಗಲವಾಗಿ ಬಿಚ್ಚಿಕೊಂಡು, ಬಿಟ್ಟೊಡನೆ ಮತ್ತೆ ಕೂಡಿಕೊಳ್ಳುತ್ತವೆ. ಆ ಗುಣವೇ ಈಜುಡುಗೆಗೆ ಬೇಕಾದದ್ದು. ಕಂಪನಿ 1918ರಲ್ಲಿ ಜಾಂಟ್ಸನ್ ಎಂಬ ಹೆಸರು ತಾಳಿ, ತನ್ನದು ಸ್ನಾನವನ್ನು ಈಜಾಗಿ ಬದಲಿಸಿದ ಉಡುಪೆಂದು ಜಾಹೀರಾತು ಕೊಟ್ಟಿತು. ಜಾಹೀರಾತುಗಳ ಮಾತನ್ನು ನಾನು ಸುಲಭಕ್ಕೆ ನಂಬುವವನಲ್ಲ, ಆದರೆ ಆ ಕಾಲದ ಕಥೆಯನ್ನು ಇಷ್ಟು ಚುಟುಕಾಗಿ ಹೇಳಿದ ಮಾತು ನನಗೆ ಇನ್ನೊಂದು ಸಿಕ್ಕಿಲ್ಲ. ಆದರೂ ಅದು ಉಣ್ಣೆಯೇ. ನೆನೆದರೆ ಜೋಲುತ್ತಿತ್ತು, ಒಣಗಲು ಬಹಳ ಹೊತ್ತು ಬೇಕಾಗುತ್ತಿತ್ತು. ರಬ್ಬರಿನ ಎಳೆಗೆ ನೂಲು ಸುತ್ತಿದ ಲಾಸ್ಟೆಕ್ಸ್ 1931ರಲ್ಲಿ ಬಂದ ಮೇಲೆ ಆ ತೊಂದರೆ ಕಡಿಮೆಯಾಯಿತು.

ಪ್ರಶ್ನೆ: ಬಿಸಿಲಿಗೆ ಕೊಡೆ ಹಿಡಿಯುತ್ತಿದ್ದವರು ಬಿಸಿಲಿನಲ್ಲಿ ಮಲಗತೊಡಗಿದ್ದು ಏಕೆ?

ಉತ್ತರ: ಹೊಲದಲ್ಲಿ ದುಡಿಯುವವರ ಮೈ ಮಾತ್ರ ಕಪ್ಪಾಗುತ್ತಿದ್ದ ಕಾಲದಲ್ಲಿ ಬಿಳಿಚಿದ ಮೈ ಸಿರಿತನದ ಗುರುತಾಗಿತ್ತು. ಕೆಲಸ ಕಾರ್ಖಾನೆಯ ಸೂರಿನಡಿಗೆ ಬಂದಾಗ ದುಡಿಯುವವರೇ ಬಿಳಿಚಿಕೊಂಡರು, ಬಿಸಿಲು ಕಾಯುವಷ್ಟು ಬಿಡುವೇ ಸಿರಿತನವಾಯಿತು. ವೈದ್ಯರ ಮಾತೂ ಜೊತೆಗೂಡಿತು: ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಬಂತು, ಅದೇ ವರ್ಷ ಆಗಸ್ಟ್ ರೋಲಿಯೇ ಸ್ವಿಟ್ಜರ್ಲೆಂಡಿನ ಲೆಜಾಂನಲ್ಲಿ ಬಿಸಿಲಿನ ಚಿಕಿತ್ಸಾಲಯ ತೆರೆದರು. ಅದುವರೆಗೆ ಚಳಿಗಾಲದಲ್ಲಷ್ಟೇ ಜನ ಹೋಗುತ್ತಿದ್ದ ಫ್ರಾನ್ಸ್‌ನ ದಕ್ಷಿಣ ಕಡಲತೀರವಾದ ರಿವಿಯೆರಾ 1920ರ ದಶಕದಲ್ಲಿ ಬೇಸಿಗೆಯ ತಾಣವಾಯಿತು. ಅಲ್ಲಿ ಬಿಸಿಲಿಗೆ ಕಂದಿದ ಫ್ಯಾಷನ್ ವಿನ್ಯಾಸಕಿ ಕೊಕೊ ಶನೆಲ್ ಅವರ ಮೈಬಣ್ಣವನ್ನು ಇತರರು ಅನುಸರಿಸಿದರು. ಇನ್ನೊಬ್ಬ ವಿನ್ಯಾಸಕ ಝಾಂ ಪಾತು 1927ರಲ್ಲಿ ಬಿಸಿಲೆಣ್ಣೆಯನ್ನು ಮಾರುಕಟ್ಟೆಗೆ ತಂದರು. ಹೆಂಗಸರು ಅಗಲ ಕಾಲಿನ ಪೈಜಾಮ ತೊಟ್ಟು ತೀರದಲ್ಲಿ ಅಡ್ಡಾಡಿದ್ದೂ ಆಗಲೇ. ಹೆಂಗಸರು ಸಾರ್ವಜನಿಕವಾಗಿ ಪೈಜಾಮ ತೊಡುವ ರೂಢಿಗೆ ಕಡಲತೀರವೇ ದಾರಿ ಮಾಡಿಕೊಟ್ಟಿತೆಂಬುದನ್ನು ಫ್ಯಾಷನ್ನಿನ ಬಗ್ಗೆ ಬರೆಯುವವರು ಇನ್ನಷ್ಟು ಒತ್ತಿ ಹೇಳಬೇಕೆಂಬುದು ನನ್ನ ಆಸೆ.

ಪ್ರಶ್ನೆ: ಎರಡು ತುಂಡಿನ ಈಜುಡುಗೆ 1946ರ ಬಿಕಿನಿಗಿಂತ ಮೊದಲು ಇರಲಿಲ್ಲವೇ?

ಉತ್ತರ: ಇತ್ತು. ಬೇರೆ ವಿವರಗಳ ಗೋಜಿಗೆ ಹೋಗದೆ ಒಂದೇ ಉದಾಹರಣೆ ಕೊಡುತ್ತೇನೆ. ಎಪ್ಸ್ಟೀನ್ ಅವರ ಸಂಘದಲ್ಲಿಯೇ ಈಜು ಕಲಿತ ಗರ್ಟ್ರೂಡ್ ಎಡರ್ಲಿ 1925ರಲ್ಲಿ ಇಂಗ್ಲಿಷ್ ಕಾಲುವೆ ದಾಟಲು ಹೋಗಿ ನಡುವೆಯೇ ನೀರಿನಿಂದ ಮೇಲೆ ಬರಬೇಕಾಯಿತು. ಗಂಟೆಗಟ್ಟಲೆ ಈಜುವಾಗ ಒಂದೇ ತುಂಡಿನ ಉಡುಪು ನೀರು ತುಂಬಿಕೊಂಡು ಜಗ್ಗುತ್ತದೆ, ಭುಜ ಮತ್ತು ಕಂಕುಳಲ್ಲಿ ಉಜ್ಜಿ ಚರ್ಮ ಕೀಳುತ್ತದೆ. ಮರುವರ್ಷದ ಪ್ರಯತ್ನಕ್ಕೆ ಆಕೆ ಅಕ್ಕನ ಜೊತೆಗೂಡಿ ಹಗುರವಾದ ಎರಡು ತುಂಡಿನ ಉಡುಪನ್ನು ತಾವೇ ಸಿದ್ಧಪಡಿಸಿಕೊಂಡರು. ಚಳಿಯನ್ನು ತಡೆಯಲು ಉಣ್ಣೆಯ ಬದಲು ಮೈಗೆಲ್ಲ ದಪ್ಪನಾಗಿ ಕೊಬ್ಬು ಬಳಿದುಕೊಂಡರು. 1926ರ ಆಗಸ್ಟ್ 6ರ ಬೆಳಿಗ್ಗೆ ಫ್ರಾನ್ಸ್‌ನ ಗ್ರೀ ನೇ ಭೂಶಿರದಿಂದ ನೀರಿಗಿಳಿದು, ಹದಿನಾಲ್ಕೂವರೆ ಗಂಟೆ ಈಜಿ, ರಾತ್ರಿ ಇಂಗ್ಲೆಂಡಿನ ಕಿಂಗ್ಸ್‌ಡೌನ್ ತೀರದ ಮೇಲೆ ಕಾಲಿಟ್ಟರು. ಅದುವರೆಗೆ ಐವರು ಗಂಡಸರು ಆ ಕಾಲುವೆಯನ್ನು ಈಜಿ ದಾಟಿದ್ದರು. ಇಪ್ಪತ್ತು ವರ್ಷದ ಎಡರ್ಲಿ ತೆಗೆದುಕೊಂಡ ಸಮಯ ಅವರಲ್ಲಿ ಅತಿ ವೇಗವಾಗಿ ಈಜಿದವರಿಗಿಂತ ಸುಮಾರು ಎರಡು ಗಂಟೆ ಕಡಿಮೆಯಾಗಿತ್ತು.